ಭಟ್ಟಾಕಳಂಕನೂ ಉಲ್ಲೇಖಗಣನೆಯೂ

ವಿದ್ವಾಂಸನ ಪ್ರಕಟಣೆಗಳನ್ನೂ ಅವುಗಳಿಗೆ ದೊರೆತ ಉಲ್ಲೇಖಗಳನ್ನೂ ಎಣಿಸಿ, ಒಂದೇ ಅಂಕಿಯಿಂದ ಅವನ ಯೋಗ್ಯತೆಯನ್ನು ನಿರ್ಣಯಿಸುವ ಪದ್ಧತಿ ಈಗ ರೂಢಿಗೆ ಬಂದಿದೆ. ಭೌತವಿಜ್ಞಾನಿ ಹಿರ್ಷ್ ೨೦೦೫ರಲ್ಲಿ ಸೂಚಿಸಿದ ‘ಎಚ್’ ಸೂಚ್ಯಂಕವು ಇವುಗಳಲ್ಲಿ ಪ್ರಸಿದ್ಧವಾದುದು. ೧೦ ಬರಹಗಳು ತಲಾ ೧೦ ಸಲವಾದರೂ ಉಲ್ಲೇಖಗೊಂಡರೆ ಸೂಚ್ಯಂಕ ೧೦.

ಮುರ್ಡೇಶ್ವರವಿರುವ ಭಟ್ಕಳ ತಾಲ್ಲೂಕಿನಲ್ಲಿಯೇ ಹಾಡುವಳ್ಳಿ, ಎಂದರೆ ಸಂಗೀತಪುರ, ಇದೆ. ಅಲ್ಲಿಯ ಜೈನಮಠದ ಶಿಷ್ಯನಾದ ಭಟ್ಟಾಕಳಂಕನು ೧೬೦೪ರಲ್ಲಿ ೫೯೨ ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿದನು; ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದನು. ಇದನ್ನು ಒಂದೇ ಕೃತಿಯೆಂದೆಣಿಸಿದರೆ, ಕನ್ನಡ ವ್ಯಾಕರಣದ ಬರಹಗಳೆಲ್ಲವೂ ಉಲ್ಲೇಖಿಸಿದರೂ ಅವನ ಸೂಚ್ಯಂಕ ೧ನ್ನು ಮೀರದು. ಸೂತ್ರ, ವೃತ್ತಿ, ವ್ಯಾಖ್ಯಾನಗಳನ್ನು ಬೇರ್ಪಡಿಸಿದರೆ ೩ಕ್ಕೇರಬಹುದು. ಇಲ್ಲಿ ಅಳತೆಗೊಳಗಾಗುವುದು ಪಾಂಡಿತ್ಯವಲ್ಲ, ಓಲೆಯ ಕಟ್ಟನ್ನು ಬಿಚ್ಚಿದ ರೀತಿ.

ಸಂಪಾದಕರ ಪಾಡು ಇನ್ನೂ ಶೋಚನೀಯ. ಈ ಗ್ರಂಥವನ್ನು ಬಿ. ಎಲ್. ರೈಸ್ ೧೮೯೦ರಲ್ಲಿಯೂ, ಪರಿಷ್ಕರಿಸಿ ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿಯೂ ಹೊರತಂದರು. ಸೂತ್ರವನ್ನು ಉದ್ಧರಿಸುವವರು ಬರೆಯುವುದು ಭಟ್ಟಾಕಳಂಕನ ಹೆಸರನ್ನು. ಡಾ. ಆ. ನೇ. ಉಪಾಧ್ಯೆಯವರ ೧೯೩೫ರ ‘ಪ್ರವಚನಸಾರ’ಕ್ಕೂ ಇದೇ ಗತಿ: ಪಾಠನಿರ್ಣಯ ಅವರದು, ಉಲ್ಲೇಖ ಕುಂದಕುಂದಾಚಾರ್ಯರಿಗೆ. ‘ತಿಲೋಯಪಣ್ಣತ್ತಿ’ಯನ್ನು ಅವರು ಹೀರಾಲಾಲ ಜೈನರೊಡನೆ ಸಂಪಾದಿಸಿದರು. ಅದರಲ್ಲಿ ಯಾರ ಪಾಲು ಎಷ್ಟೆಂದು ಭಾಗಿಸಹೊರಟ ಲೆಕ್ಕಿಗನು, ಹಸ್ತಪ್ರತಿಗಳನ್ನು ಕಾಪಾಡಿದ ಭಂಡಾರಗಳನ್ನೂ ಬರೆದ ಲಿಪಿಕಾರರನ್ನೂ ಯಾವ ಅಂಕಣದಲ್ಲಿ ಸೇರಿಸುವನು?

ವೈದ್ಯವಿಜ್ಞಾನದ ಲೇಖನವೊಂದು ಒಂದೆರಡು ವರ್ಷಗಳಲ್ಲಿ ಗಳಿಸುವಷ್ಟು ಉಲ್ಲೇಖಗಳನ್ನು ಪ್ರಾಕೃತ ಗ್ರಂಥದ ಸಂಪಾದನೆಯು ದಶಕಗಳಲ್ಲಿಯೂ ಗಳಿಸದಿರಬಹುದು. ಆಯಾ ಕ್ಷೇತ್ರದ ಸರಾಸರಿಯಿಂದ ಭಾಗಿಸಿ ಈ ಅಂತರವನ್ನು ಸರಿದೂಗಿಸುವರೆಂಬುದು ನಿಜ. ಆದರೆ ಕನ್ನಡದ ಸಂಶೋಧನ ಪತ್ರಿಕೆಗಳು ಬಹುಮಟ್ಟಿಗೆ ಆ ಉಲ್ಲೇಖಸೂಚಿಗಳಲ್ಲಿ ಸೇರಿಯೇ ಇಲ್ಲದಿರುವಾಗ, ಆ ಸರಾಸರಿಯಾದರೂ ಯಾವುದರದು?