ಹಿಡಿದ ಬಾವುಟ, ಬಿಟ್ಟುಹೋದ ನೂಲು

ಪ್ರತಿ ವರ್ಷ ಜನವರಿ 11ರಂದು ತಮಿಳುನಾಡಿನ ತಿರುಪ್ಪೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ಕುಮಾರನ್ ಪ್ರತಿಮೆಗೆ ಹಾರ ಬೀಳುತ್ತದೆ. ರೈಲ್ವೆ ನಿಲ್ದಾಣದ ಹತ್ತಿರ ಅವರ ಸ್ಮಾರಕವಿದೆ, ಊರಿನ ದೊಡ್ಡ ರಸ್ತೆಗೆ ಅವರ ಹೆಸರಿದೆ. 2004ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಅಂಚೆ ಚೀಟಿಯೂ ಬಂತು. ಚೆನ್ನಿಮಲೈಯ ಬಡ ನೇಕಾರರ ಮನೆಯಲ್ಲಿ ಹುಟ್ಟಿ ಇಪ್ಪತ್ತೇಳರ ವಯಸ್ಸಿಗೆ ತೀರಿಹೋದವನನ್ನು ಒಂದು ನಾಡು ಇಷ್ಟು ಕಾಲ ಮರೆಯದೆ ಇರುವುದು ಸಣ್ಣ ಮಾತಲ್ಲ. ಆದರೂ ಈ ಸ್ಮರಣೆ ಏನನ್ನು ಉಳಿಸಿಕೊಂಡಿದೆ, ಏನನ್ನು ಕೈಬಿಟ್ಟಿದೆ ಎಂದು ಕೇಳಿಕೊಂಡರೆ ಸಮಾಧಾನವಾಗುವುದಿಲ್ಲ.

ನಡೆದದ್ದು ಇಷ್ಟು. ದುಂಡುಮೇಜಿನ ಪರಿಷತ್ತಿನಿಂದ ಬರಿಗೈಲಿ ಮರಳಿದ ಗಾಂಧೀಜಿಯನ್ನು 1932ರ ಜನವರಿ 4ರಂದು ಸರ್ಕಾರ ಬಂಧಿಸಿತು, ಕಾಂಗ್ರೆಸ್ಸನ್ನು ಕಾನೂನುಬಾಹಿರವೆಂದು ಸಾರಿತು. ಅದನ್ನು ಪ್ರತಿಭಟಿಸಿ 10ನೇ ತಾರೀಖು ತಿರುಪ್ಪೂರಿನಲ್ಲಿ ಪಿ.ಎಸ್. ಸುಂದರಂ ಮುಂದಾಳತ್ವದಲ್ಲಿ ಮೆರವಣಿಗೆ ಹೊರಟಿತು. ಪೊಲೀಸರು ಲಾಠಿ ಬೀಸಿದರು. ಕುಮಾರನ್ ತಲೆ ಒಡೆಯಿತು. ಪ್ರಜ್ಞೆ ತಪ್ಪಿ ಬಿದ್ದರೂ ಕೈಯಲ್ಲಿದ್ದ ಬಾವುಟವನ್ನು ಅವರು ಬಿಡಲಿಲ್ಲ. ಮಾರನೆಯ ದಿನ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಅಂದಿನಿಂದ ತಮಿಳರಿಗೆ ಅವರು ‘ಕೊಡಿ ಕಾತ್ತ ಕುಮರನ್’, ಬಾವುಟ ಕಾಯ್ದ ಕುಮಾರನ್.

ಈ ಕಥೆಗೆ ಬಲವಿದೆ. ಓದುಬರಹ ಬಾರದವರಿಗೂ ಒಂದೇ ಉಸಿರಿನಲ್ಲಿ ಹೇಳಬಹುದು, ಮಕ್ಕಳು ಶಾಲೆಯ ವೇದಿಕೆಯ ಮೇಲೆ ಆಡಿ ತೋರಿಸಬಹುದು. ಆದರೆ ಆ ಬಾವುಟವನ್ನೊಮ್ಮೆ ಹತ್ತಿರದಿಂದ ನೋಡಬೇಕು. ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ಚರಕವಿರುವ ಧ್ವಜವನ್ನು ಕಾಂಗ್ರೆಸ್ ಒಪ್ಪಿಕೊಂಡದ್ದು 1931ರ ಆಗಸ್ಟ್‌ನಲ್ಲಿ, ಎಂದರೆ ಈ ಮೆರವಣಿಗೆಗೆ ಐದು ತಿಂಗಳ ಹಿಂದೆ. ಬಟ್ಟೆ ಖಾದಿಯದೇ ಆಗಿರಬೇಕು ಎಂಬುದು ಅದರ ನಿಯಮ. ಕುಮಾರನ್ ಹಿಡಿದಿದ್ದ ಬಾವುಟದ ಅರ್ಥದ ಬಹುಪಾಲು ಆ ಬಟ್ಟೆಯಲ್ಲೇ ಇತ್ತು. ಲಂಕಾಶೈರ್ ಗಿರಣಿಗಳ ಬಟ್ಟೆ ಬಂದು ಇಲ್ಲಿನ ಮಗ್ಗಗಳು ಸೊರಗಿದ್ದವು. ಅದಕ್ಕೆ ಉತ್ತರವಾಗಿ ಊರೂರಲ್ಲಿ ನೂಲು ತೆಗೆಸುವ ಕೆಲಸ ನಡೆದಿತ್ತು, ಅದರ ಒಂದು ದೊಡ್ಡ ಕೇಂದ್ರ ತಿರುಪ್ಪೂರೇ. 1925ರಲ್ಲಿ ಹುಟ್ಟಿದ ಅಖಿಲ ಭಾರತ ಚರಕ ಸಂಘದ ತಮಿಳುನಾಡು ಶಾಖೆಯ ಕಚೇರಿ ಇದ್ದದ್ದು ಇಲ್ಲಿ. ಗಾಂಧೀಜಿ ಈ ಊರಿಗೆ ಬಂದಾಗ ಇಳಿದುಕೊಳ್ಳುತ್ತಿದ್ದದ್ದು ಊರಿನ ಗಾಂಧಿವಾದಿ ಆಷರ್ ದಂಪತಿಯ ಮನೆಯಲ್ಲಿ. ವೈಕಂ ಸತ್ಯಾಗ್ರಹದಲ್ಲಿ ಪಾಲ್ಗೊಂಡ ಕೋವೈ ಅಯ್ಯಾಮುತ್ತು ಖಾದಿ ಕೆಲಸಕ್ಕೆ ಬೆವರು ಸುರಿಸಿದ್ದೂ ಇದೇ ಸೀಮೆಯಲ್ಲಿ. ಪ್ರತಿಮೆಯ ಮುಂದೆ ನಿಂತವನಿಗೆ ಇದರ ಸುಳಿವು ಎಲ್ಲಿ ಸಿಗಬೇಕು? ಪೊಲೀಸರು ಬೀಸಿದ ಲಾಠಿ ಅವನಿಗೆ ಕಾಣುತ್ತದೆ, ಆ ಲಾಠಿ ಯಾರ ವ್ಯಾಪಾರವನ್ನು ಕಾಯುತ್ತಿತ್ತು ಎಂಬುದು ಕಾಣುವುದಿಲ್ಲ.

ಕುಮಾರನ್ ತೀರಿಕೊಂಡ 1932ರಲ್ಲೇ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಉತ್ಪಾದನೆ ಶುರುವಾಯಿತು. ಅಗ್ಗದ ಕರೆಂಟು ಬಂದದ್ದೇ ತಡ, ಕೊಯಮತ್ತೂರಿನ ಸುತ್ತ ನೂಲಿನ ಗಿರಣಿಗಳು ಒಂದರ ಹಿಂದೊಂದು ಎದ್ದವು. ಚರಕ ಹಿಂದೆ ಸರಿಯಿತು, ಗಿರಣಿ ಮುಂದೆ ಬಂತು. ಇಂದು ಜಗತ್ತಿಗೆಲ್ಲ ಬನಿಯನ್ನು, ಟೀ ಶರ್ಟು ಕಳಿಸುವ ತಿರುಪ್ಪೂರಿನ ಬೇರು ಆ ಪಲ್ಲಟದಲ್ಲೇ ಇದೆ. ಕುಮಾರನ್ ಕಥೆಯನ್ನು ಇದರ ಜೊತೆ ಇಟ್ಟು ಹೇಳಿದ್ದರೆ, ಪಾಳಿಯ ಮೇಲೆ ದುಡಿಯುವ ಇಂದಿನ ಹೊಲಿಗೆಯ ಹುಡುಗಿಗೂ ಅದು ತನ್ನದೇ ಕಥೆ ಅನ್ನಿಸುತ್ತಿತ್ತು.

ಕರ್ನಾಟಕದಲ್ಲಿ ನಾವು ಬೇರೆ ದಾರಿ ಹಿಡಿದವರು. ಬಾವುಟಕ್ಕಾಗಿ ನಡೆದ ನಮ್ಮ ಹೋರಾಟಗಳು ನೆನಪಾಗುವುದು ಊರಿನ ಹೆಸರಿನಿಂದ: 1938ರ ಏಪ್ರಿಲ್‌ನ ಶಿವಪುರ, ಅದೇ ತಿಂಗಳು 25ರಂದು ಗುಂಡೇಟಿಗೆ ಜನ ಬಿದ್ದ ವಿದುರಾಶ್ವತ್ಥ. 1942ರ ಈಸೂರೂ ಹಾಗೆಯೇ. ಇದರಿಂದ ಒಂದು ಒಳ್ಳೆಯದಾಗಿದೆ, ಹೋರಾಟ ಇಡೀ ಊರಿನದು ಎಂಬ ಮಾತು ಉಳಿದಿದೆ. ನಷ್ಟವೂ ಆಗಿದೆ: ವಿದುರಾಶ್ವತ್ಥದಲ್ಲಿ ಸತ್ತವರಲ್ಲಿ ಒಬ್ಬರ ಹೆಸರನ್ನಾದರೂ ತಟ್ಟನೆ ಹೇಳಬಲ್ಲ ಕನ್ನಡಿಗರು ಎಷ್ಟು ಮಂದಿ? ಆ ಮಟ್ಟಿಗೆ ತಮಿಳರು ನಮಗಿಂತ ಮೇಲು.

ಮತ್ತೆ ತಮಿಳುನಾಡಿಗೆ ಬಂದರೆ, ಕೊಯಮತ್ತೂರಿನ ನೆಲಕ್ಕೆ ಸೇರಿದ ಸ್ಮಾರಕಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಸತ್ಯವಾದದ್ದು ಒಂದು ಎಣ್ಣೆಗಾಣ. 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ ಇಂಗ್ಲಿಷರ ಹಡಗುಗಳಿಗೆ ಎದುರು ನಿಂತ ವಕೀಲ ವ.ಉ. ಚಿದಂಬರಂ ಪಿಳ್ಳೈ ಅವರನ್ನು 1908ರಲ್ಲಿ ರಾಜದ್ರೋಹದ ಮೇಲೆ ಕೊಯಮತ್ತೂರು ಜೈಲಿಗೆ ಹಾಕಿ, ಎತ್ತಿನ ಜಾಗದಲ್ಲಿ ಗಾಣಕ್ಕೆ ಕಟ್ಟಿದರು. ಆ ಗಾಣ ಈಗ ಚೆನ್ನೈನ ಗಿಂಡಿಯಲ್ಲಿ ಗಾಂಧಿ ಮಂಟಪದ ಆವರಣದಲ್ಲಿದೆ. ಅದಕ್ಕೆ ಮುಖವಿಲ್ಲ, ಭಂಗಿಯಿಲ್ಲ. ಎತ್ತು ಎಳೆಯುವ ಭಾರವನ್ನು ಉರಿಬಿಸಿಲಿನಲ್ಲಿ ಒಬ್ಬ ಮನುಷ್ಯ ಸುತ್ತಿ ಸುತ್ತಿ ಎಳೆದ ಎಂದಷ್ಟೇ ಅದು ಹೇಳುತ್ತದೆ, ವಸಾಹತು ಆಡಳಿತ ಮೈಯ ಮೇಲೆ ಹೇಗೆ ಕೂರುತ್ತಿತ್ತು ಎಂಬುದು ನೋಡಿದವರಿಗೆ ತಿಳಿದುಬಿಡುತ್ತದೆ. ತಿರುಪ್ಪೂರಿನಲ್ಲಿ ಪ್ರತಿಮೆಯ ಪಕ್ಕ ಅಂಥದೊಂದು ಚರಕ, ಒಂದು ಕೈಮಗ್ಗ, ಅಂದಿನ ನೂಲಿನ ದರ ಬರೆದ ಒಂದು ಲೆಕ್ಕದ ಪುಸ್ತಕ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನೊಂದು ಕೊರತೆ ಇದಕ್ಕಿಂತ ನೋವಿನದು. ಅದೇ ಕೊಯಮತ್ತೂರು ಜೈಲಿನಲ್ಲಿ 1946ರ ಜನವರಿ 8ರಂದು, ಬ್ರಿಟಿಷರ ಆಳ್ವಿಕೆ ಇನ್ನೂ ಇರುವಾಗಲೇ, ಚಿನ್ನಿಯಂಪಾಳಯಂನ ನಾಲ್ವರು ಗಿರಣಿ ಕಾರ್ಮಿಕರನ್ನು, ಗಿರಣಿ ಹೋರಾಟದ ನಡುವೆ ನಡೆದ ಕೊಲೆಯೊಂದರ ಆರೋಪದ ಮೇಲೆ, ಗಲ್ಲಿಗೇರಿಸಲಾಯಿತು: ರಾಮಯ್ಯನ್, ರಂಗಣ್ಣನ್, ವೆಂಕಟಾಚಲಂ, ಚಿನ್ನಯ್ಯನ್. ಅವರನ್ನು ನೆನೆಯುವವರು ಎಡಪಕ್ಷದವರು ಮತ್ತು ಕಾರ್ಮಿಕ ಸಂಘಗಳು. ಮೂರೇ ದಿನ ಕಳೆದು ಕುಮಾರನ್ ದಿನ ಬರುತ್ತದೆ. ಕುಮಾರನ್ ಸಾವು ಸ್ವಾತಂತ್ರ್ಯದ ಲೆಕ್ಕಕ್ಕೆ, ಈ ನಾಲ್ವರದು ಕೂಲಿಯ ಲೆಕ್ಕಕ್ಕೆ. ಫ್ರೆಂಚರ ಕೈಕೆಳಗಿದ್ದ ವಿಯೆಟ್ನಾಂನಲ್ಲಿ ನಾಮ್ ದಿನ್ ಊರಿನ ಹತ್ತಿ ಗಿರಣಿಯ ಕಾರ್ಮಿಕರು 1930ರಲ್ಲಿ ಹೂಡಿದ ಮುಷ್ಕರ ಇಂದು ಆ ದೇಶದ ಸ್ವಾತಂತ್ರ್ಯದ ಚರಿತ್ರೆಯ ಒಳಗೇ ಕೂತಿದೆ. ಗಿರಣಿಯ ಹಸಿವು, ದೇಶದ ಬಿಡುಗಡೆ ಎರಡನ್ನೂ ಅಲ್ಲಿ ಒಟ್ಟಿಗೇ ಹೇಳುತ್ತಾರೆ. ಆ ಚರಿತ್ರೆಯನ್ನು ಬರೆಸಿದ್ದು ಆಳುವ ಪಕ್ಷ ಎಂಬುದನ್ನು ಮರೆಯಬಾರದು ನಿಜ. ಆದರೂ ಗಿರಣಿಗಳ ಊರಾದ ಕೊಯಮತ್ತೂರಿಗೆ ಆ ಜೋಡಣೆ ಹೆಚ್ಚು ಸಹಜವಾಗಿ ಒದಗಬೇಕಿತ್ತು.

ಒದಗದಿರಲು ಪಕ್ಷಗಳಷ್ಟೇ ಜಾತಿಯೂ ಕಾರಣ. ಬ್ರಿಟಿಷರ ವಿರುದ್ಧ ಕಾದಾಡಿ 1805ರಲ್ಲಿ ಸಂಕಗಿರಿಯಲ್ಲಿ ನೇಣಿಗೇರಿದ ಧೀರನ್ ಚಿನ್ನಮಲೈ ಅವರನ್ನು ಕೊಂಗು ಗೌಂಡರ್ ಸಂಘಟನೆಗಳು ತಮ್ಮವರೆಂದು ಮೆರೆಸುತ್ತವೆ, ಕುಮಾರನ್ ಅವರನ್ನು ಸೆಂಗುಂದರ್ ನೇಕಾರರು. ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರೂ ಈ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಸೆಂಗುಂದರ್ ಆಗಲಿ ದೇವಾಂಗ ಆಗಲಿ, ಲಂಕಾಶೈರ್ ಬಟ್ಟೆಯ ಪೆಟ್ಟು ಬಿದ್ದದ್ದು ಇಬ್ಬರ ಮಗ್ಗಕ್ಕೂ. ಕುಮಾರನ್ ಸ್ಮಾರಕದಲ್ಲಿ ಅವರೆಲ್ಲರ ಮಗ್ಗಕ್ಕೆ ಜಾಗವಾಗಬೇಕು, ಚಿನ್ನಿಯಂಪಾಳಯಂನ ಆ ನಾಲ್ಕು ಹೆಸರುಗಳಿಗೂ ಅದೇ ಗೋಡೆಯ ಮೇಲೆ ಜಾಗವಾಗಬೇಕು.