ಕಾಣುವ ಕಣ್ಣು, ನಿಂತ ನೆಲ: ಸಮಾಜಶಾಸ್ತ್ರದ ಅಧ್ಯಯನವನ್ನು ಕುರಿತು

ಸ್ನಾತಕೋತ್ತರ ಸಮಾಜಶಾಸ್ತ್ರದ ವಿದ್ಯಾರ್ಥಿ ಎರಡು ವರ್ಷಗಳಲ್ಲಿ ಏನನ್ನು ಕಲಿಯುತ್ತಾನೆ? ಪಠ್ಯಕ್ರಮವನ್ನು ನೋಡಿದವರಿಗೆ ಉತ್ತರ ಸುಲಭವೆನಿಸುತ್ತದೆ. ಮಾರ್ಕ್ಸ್, ಡರ್ಖೈಮ್, ವೇಬರ್ ಮೊದಲಾದವರ ಸಿದ್ಧಾಂತಗಳು, ಸಂಶೋಧನಾ ವಿಧಾನ, ಕುಟುಂಬ, ಜಾತಿ, ಧರ್ಮ, ಗ್ರಾಮಗಳ ವಿಚಾರ. ಆದರೆ ಇದು ಕಲಿಸುವ ವಿಷಯಗಳ ಪಟ್ಟಿಯೇ ಹೊರತು ಕಲಿತುದರ ಸಾರವಲ್ಲ. ಆ ಸಾರವನ್ನು ಅರಿಯಲು ಕನ್ನಡ ನಾಡಿನ ಒಂದು ಹಳ್ಳಿಯನ್ನೇ ವಸ್ತುವಾಗುಳ್ಳ ಗ್ರಂಥವೊಂದನ್ನು ಪರಿಶೀಲಿಸುವುದು ಉಚಿತ. ಅದು ಎಂ. ಎನ್. ಶ್ರೀನಿವಾಸರು ಇಂಗ್ಲಿಷಿನಲ್ಲಿ ರಚಿಸಿ 1976ರಲ್ಲಿ ಪ್ರಕಟವಾದ 'ದಿ ರಿಮೆಂಬರ್ಡ್ ವಿಲೇಜ್'.

ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಶ್ರೀನಿವಾಸರು ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಬಳಿಯೂ ಆಕ್ಸ್‌ಫರ್ಡಿನಲ್ಲಿ ರ್ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಇವರ ಬಳಿಯೂ ಅಧ್ಯಯನ ಮಾಡಿದವರು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲಸಿ, ಗ್ರಂಥದಲ್ಲಿ ಅದಕ್ಕೆ 'ರಾಂಪುರ'ವೆಂದು ಮರೆಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು, ವರ್ಷಗಳ ಕಾಲ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ಅನಂತರ ನೆನಪನ್ನೇ ಮುಖ್ಯ ಆಧಾರವಾಗಿಸಿಕೊಂಡು ಬರೆದ ಗ್ರಂಥವಿದು. ವಿದ್ಯಾರ್ಥಿ ಇಲ್ಲಿ ಮೊದಲ ಪಾಠವನ್ನು ಕಾಣಬಹುದು. ಕಾಗದ ಸುಟ್ಟರೂ ಉಳಿದದ್ದು ಜನರೊಡನೆ ಕಳೆದ ಬಾಳಿನ ಅರಿವು.

ಎರಡನೆಯ ಪಾಠ ಇನ್ನೂ ಮಹತ್ತರವಾದುದು. ಶಾಸ್ತ್ರಗ್ರಂಥಗಳನ್ನಷ್ಟೇ ಓದಿದವನಿಗೆ ಸಮಾಜವು ನಾಲ್ಕು ವರ್ಣಗಳ ಅಚಲವಾದ ಏಣಿಯಂತೆ ತೋರುತ್ತದೆ. ಊರಿನಲ್ಲಿ ನಿಂತು ನೋಡಿದವನಿಗೆ ಅನೇಕ ಜಾತಿಗಳೂ, ಅವುಗಳ ಮೇಲು-ಕೀಳಿನ ಬಗ್ಗೆ ಮುಗಿಯದ ವಾದಗಳೂ ಕಾಣುತ್ತವೆ. ಭೂಮಿ ಮತ್ತು ಜನಬಲಗಳುಳ್ಳ ಒಕ್ಕಲಿಗರು ರಾಂಪುರದಲ್ಲಿ ನಿರ್ಣಾಯಕ ಶಕ್ತಿಯಾಗಿದ್ದರು. ಆಚಾರದಲ್ಲಿ ಮೇಲೆನಿಸಿದವರೂ ಲೌಕಿಕ ವ್ಯವಹಾರಗಳಲ್ಲಿ ಅವರ ಮುಖವನ್ನು ನೋಡಬೇಕಾಗಿತ್ತು. 'ಪ್ರಬಲ ಜಾತಿ' ಎಂಬ ಶ್ರೀನಿವಾಸರ ಪರಿಕಲ್ಪನೆಗೆ ಪುಷ್ಟಿ ದೊರೆತುದು ಇಂಥ ಕಣ್ಣಾರೆ ಕಂಡ ಸಂಗತಿಗಳಿಂದ. ಓದಿದುದನ್ನು ಕಂಡುದರಿಂದ ಒರೆಗೆ ಹಚ್ಚುವ ಈ ಶಿಸ್ತು ಯಾವ ಪರೀಕ್ಷೆಯ ಅಂಕಪಟ್ಟಿಯಲ್ಲೂ ಕಾಣಿಸದು.

ಆದರೆ ಗ್ರಂಥಕ್ಕೆ ಮಿತಿಯೂ ಉಂಟು. ಲೇಖಕರು ತಂಗಿದ್ದುದು ಊರ ಪಟೇಲರ ಆಶ್ರಯದಲ್ಲಿ. ಅವರಿಗೆ ಸುಲಭವಾಗಿ ತೆರೆದುಕೊಂಡುದು ಜಮೀನುಳ್ಳ ಗಂಡಸರ ಲೋಕ. ಹೊಲಗೇರಿಯ ಬಾಳಾಗಲಿ ಹೆಂಗಸರ ಒಳಮನೆಯ ಬಾಳಾಗಲಿ ಅಷ್ಟೇ ನಿಕಟವಾಗಿ ಇಲ್ಲಿ ಚಿತ್ರಿತವಾಗಿಲ್ಲ. ತಮ್ಮ ನೋಟ ಊರಿನ ಮೇಲಿನವರ ನೋಟಕ್ಕೆ ಹತ್ತಿರವಾದುದೆಂಬುದನ್ನು ಶ್ರೀನಿವಾಸರು ಮರೆಮಾಚಲಿಲ್ಲ. ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಆದರೆ ಎಲ್ಲಿ ನಿಂತು ನೋಡಿದೆನೆಂಬುದನ್ನು ಹೇಳಿದವನ ಬರಹವನ್ನು ಮುಂದಿನವರು ತಿದ್ದಬಲ್ಲರು. ಇದು ಮೂರನೆಯ ಪಾಠ.

ಈ ಮಾತು ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೆ ವಿಶೇಷವಾಗಿ ಪ್ರಸ್ತುತ. ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಸ್ವೀಕರಿಸಿ ಮೇಲೇರಲೆಳಸುವ ಪ್ರಕ್ರಿಯೆಯನ್ನು ಶ್ರೀನಿವಾಸರು 'ಸಂಸ್ಕೃತೀಕರಣ'ವೆಂದು ಕರೆದರು. 'ಬ್ರಾಹ್ಮಣೀಕರಣ'ವೆಂಬ ಪದ ಇದಕ್ಕೆ ಸಾಲದಾಯಿತು. ಏಕೆಂದರೆ ಬ್ರಾಹ್ಮಣೇತರ ಸಮುದಾಯಗಳೂ ಇಂಥ ಪ್ರಭಾವವನ್ನು ಬೀರಿದ್ದವು. ಇದಕ್ಕೆ ನಿದರ್ಶನವಾಗಿ 1956ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು ಲಿಂಗಾಯತರನ್ನು ಹೆಸರಿಸಿದ್ದಾರೆ. ಕಂಡ ಸಂಗತಿಗೆ ಹೊಂದುವಂತೆ ಪದವನ್ನು ಹಿಗ್ಗಿಸಿದ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಸ್ಯಾಹಾರ, ಮದ್ಯವರ್ಜನ, ನಿತ್ಯಪೂಜೆಗಳು ಹೊರಗಿನಿಂದ ಅನುಕರಣೆಯಂತೆ ಕಾಣಬಹುದು. ಜಾತಿಯ ಏಣಿಯನ್ನೇ ಪ್ರಶ್ನಿಸಿದ ಹನ್ನೆರಡನೆಯ ಶತಮಾನದ ಶರಣರ ನಡೆಗೆ ಆ ಏಣಿಯನ್ನೇರುವ ಪ್ರಕ್ರಿಯೆಯ ಹೆಸರು ಒಪ್ಪೀತೆ? ಕಾಲಾಂತರದಲ್ಲಿ ಅನುಯಾಯಿಗಳೊಳಗೂ ಒಳಪಂಗಡಗಳ ಮೇಲು-ಕೀಳು ಬೆಳೆದುದು ನಿಜ. ಹಾಗಾದರೆ ಆದರ್ಶ ಎಲ್ಲಿ ಬಾಳಿತು, ಎಲ್ಲಿ ಸೋತಿತು ಎಂಬುದನ್ನು ವಚನಗಳ ಪುಟಗಳಲ್ಲಿ ಮಾತ್ರವಲ್ಲದೆ ಮದುವೆಯ ಮಾತುಕತೆಯಲ್ಲಿ, ದಾಸೋಹದ ಪಂಕ್ತಿಯಲ್ಲಿ, ಊರ ಬಾವಿಯ ಬಳಿಯಲ್ಲಿ ಹುಡುಕಬೇಕಾಗುತ್ತದೆ.

ಇಂಥ ಅಧ್ಯಯನ ಮನೆಯ ಮಕ್ಕಳ ಶ್ರದ್ಧೆಯನ್ನು ಸಡಿಲಗೊಳಿಸೀತೆಂಬ ಅಂಜಿಕೆ ಹಿರಿಯರಲ್ಲಿ ಇಲ್ಲದಿಲ್ಲ. ಅದು ಅಕಾರಣವೂ ಅಲ್ಲ. ತನ್ನ ಮನೆಯನ್ನು ಹೊರಗಿನವನ ಕಣ್ಣಿನಿಂದ ನೋಡಲು ಕಲಿತವನು ಮೊದಲಿನಂತೆ ಒಳಗೆ ಬರಲಾರ. ಆದರೆ ನುಡಿಗೂ ನಡೆಗೂ ನಡುವಣ ಅಂತರವನ್ನು ಅಳೆಯುವುದು ಶರಣರ ಪರಂಪರೆಗೆ ಹೊರಗಿನ ಕೆಲಸವಲ್ಲ. ಸಮಾಜಶಾಸ್ತ್ರವು ಆ ಅಂತರವನ್ನು ತೋರಿಸಬಲ್ಲುದು. ಅದನ್ನು ತುಂಬುವ ಹೊಣೆ ಶಾಸ್ತ್ರದ್ದಲ್ಲ, ಬಾಳುವವರದು. ಇಷ್ಟನ್ನು ಅರಿತ ವಿದ್ಯಾರ್ಥಿ ಪದವಿಯ ಸಾರವನ್ನು ಪಡೆದನೆನ್ನಬಹುದು.