ಕೊರತೆಯ ಕಥನ, ಬೆಲೆಯ ಕಥನ: ಚಿಕಿತ್ಸಾವೆಚ್ಚದ ಪತ್ರಿಕಾಬರಹಗಳನ್ನು ಕುರಿತು

ಚಿಕಿತ್ಸೆಯ ವೆಚ್ಚವನ್ನು ಕುರಿತ ಪತ್ರಿಕಾಬರಹಗಳನ್ನು ಅರ್ಥಶಾಸ್ತ್ರದವರು ಅಂಕಿಅಂಶಗಳ ನೆಲೆಯಿಂದ, ಸಂವಹನ ಶಾಸ್ತ್ರದವರು ಮಾಹಿತಿಯ ನೆಲೆಯಿಂದ ನೋಡುವುದು ರೂಢಿ. ಅವು ಕಥನಗಳೂ ಹೌದು. ಜನಪದ ಕಥೆಗಳಂತೆಯೇ ಸಿದ್ಧ ಚೌಕಟ್ಟು, ಸೂತ್ರಬದ್ಧ ನುಡಿಗಟ್ಟು ಹಾಗೂ ನಿಶ್ಚಿತ ಪಾತ್ರಗಳಿಂದ ರೂಪುಗೊಂಡವು. ಕಾಯಿಲೆಯ ಖರ್ಚಿನಿಂದ ಕಂಗೆಟ್ಟವರಿಗೆ ಒದಗಿಬರುವ ಬರಹಗಳು ತಮ್ಮ ರೂಪದ ಬಲದಿಂದ ಏನನ್ನು ಸಾಧಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕಾಣುವ 'ನೆರವಿಗೆ ಮನವಿ' ನಮಗೆ ಅತ್ಯಂತ ಪರಿಚಿತವಾದ ಪ್ರಕಾರ. ಅದರಲ್ಲಿ ಊರು, ತಾಲ್ಲೂಕು, ತಂದೆಯ ಕೂಲಿ ಕೆಲಸ, ರೋಗದ ಹೆಸರು, ವೈದ್ಯರು ಹೇಳಿದ ಮೊತ್ತ, ಇದ್ದುದನ್ನೆಲ್ಲ ಮಾರಿದ ವಿವರ, ಕೊನೆಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಇರುತ್ತವೆ. ಖಾತೆ ಸಂಖ್ಯೆಯ ಪಕ್ಕದಲ್ಲಿ ಈಗ ಕ್ಯೂಆರ್ ಚಿಹ್ನೆಯೂ ಬಂದಿದೆ. ವರದಿಗಾರ ಬದಲಾದರೂ ಈ ಅನುಕ್ರಮ ಬದಲಾಗದು. ಹೇಳುವವನನ್ನು ಮೀರಿ ನಿಲ್ಲುವ ಇಂಥ ಸ್ಥಿರತೆಯೇ ಮೌಖಿಕ ಪ್ರಕಾರಗಳ ಲಕ್ಷಣವೆಂದು ನಾವು ಬಲ್ಲೆವು.

ಕಷ್ಟದಲ್ಲಿರುವವರಿಗೆ ಹಣ ಕೂಡಿಸಿಕೊಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಕಾರ್ಯದಲ್ಲಿ ತೀರಿಸುವ ಕ್ರಮವಿದೆ; ಹೊಲಗೆಲಸಕ್ಕೆ ಮುಯ್ಯಾಳು ಹೋಗುವುದಿದೆ. ಮುಯ್ಯಿಯಲ್ಲಿ ಕೊಡುವವನು ಗುರುತಿನವನು, ಪಡೆಯುವವನು ನಾಳೆ ಕೊಡಬೇಕಾದವನು. ಆದ್ದರಿಂದ ಪಡೆಯುವವನು ತನ್ನ ಯೋಗ್ಯತೆಯನ್ನು ಸಾಬೀತುಪಡಿಸಬೇಕಾಗಿಲ್ಲ. ಪತ್ರಿಕೆಯ ಓದುಗನಾದರೋ ಅಪರಿಚಿತ. ಅಲ್ಲಿ ಮುಯ್ಯಿ ದಾನವಾಗುತ್ತದೆ. ದಾನಕ್ಕೆ ಪಾತ್ರತೆ ಬೇಕಾಗುತ್ತದೆ. ಹೃದಯದಲ್ಲಿ ರಂಧ್ರವಿರುವ ಮಗು, ಮೂತ್ರಪಿಂಡ ಕೆಟ್ಟ ಪ್ರತಿಭಾವಂತ ವಿದ್ಯಾರ್ಥಿ, ಅಪಘಾತಕ್ಕೀಡಾದ ಒಬ್ಬನೇ ಮಗ ಈ ಕಥನಕ್ಕೆ ಒಗ್ಗುತ್ತಾರೆ. ಕುಡಿತದಿಂದ ಯಕೃತ್ತು ಕೆಟ್ಟವನು, ಮನೋರೋಗಿ, ಎಪ್ಪತ್ತು ದಾಟಿದ ಒಂಟಿ ಮುದುಕಿ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಖರ್ಚು ಅವರಿಗೂ ಅಷ್ಟೇ ಬರುತ್ತದೆಯೆನ್ನಿ!

ವ್ಲಾದಿಮಿರ್ ಪ್ರಾಪ್ ತನ್ನ 1928ರ ಗ್ರಂಥದಲ್ಲಿ ಕಿನ್ನರಕಥೆಗಳ ಮೂವತ್ತೊಂದು ಕ್ರಿಯಾಘಟಕಗಳನ್ನು ಗುರುತಿಸುವಾಗ, ಕಥೆಗೆ ಚಾಲನೆ ಎರಡು ಬಗೆಯಲ್ಲಿ ದೊರೆಯುತ್ತದೆ ಎಂದು ತೋರಿಸಿದ್ದಾನೆ: ಒಂದೋ ಖಳನು ಕೇಡು ಮಾಡುತ್ತಾನೆ, ಇಲ್ಲವೇ ಏನೋ ಕೊರತೆಯಿರುತ್ತದೆ. ನಮ್ಮ ಮನವಿ ಕೊರತೆಯಿಂದ ಹೊರಡುವ ಕಥೆ. ಎಂಟು ಲಕ್ಷ ಬೇಕು, ಇಲ್ಲ. ಆ ಎಂಟು ಲಕ್ಷ ಹೇಗಾಯಿತು, ಯಾರು ಲೆಕ್ಕ ಹಾಕಿದರು, ಅದರಲ್ಲಿ ಕೋಣೆಯ ಬಾಡಿಗೆ ಎಷ್ಟು, ಔಷಧಿಯ ಲಾಭ ಎಷ್ಟು ಎಂಬ ಪ್ರಶ್ನೆಗೆ ಈ ರಾಚನಿಕ ಚೌಕಟ್ಟಿನಲ್ಲಿ ಸ್ಥಳವೇ ಇಲ್ಲ. ಬೆಲೆಯು ಮಳೆ ಬಿಸಿಲಿನಂತೆ ದೈವದತ್ತವಾಗಿ ಬರುತ್ತದೆ.

ಅಮೆರಿಕದ ಕೈಸರ್ ಹೆಲ್ತ್ ನ್ಯೂಸ್ (2023ರಿಂದ ಕೆಎಫ್‌ಎಫ್ ಹೆಲ್ತ್ ನ್ಯೂಸ್) ಮತ್ತು ಅಲ್ಲಿನ ಸಾರ್ವಜನಿಕ ಬಾನುಲಿ ಎನ್‌ಪಿಆರ್ ಜೊತೆಗೂಡಿ 2018ರ ಫೆಬ್ರುವರಿಯಲ್ಲಿ ಆರಂಭಿಸಿದ 'ಬಿಲ್ ಆಫ್ ದಿ ಮಂತ್' ಮಾಲೆ ಇದಕ್ಕೆ ವಿರುದ್ಧವಾದ ಮಾದರಿ. ಓದುಗರೇ ತಮ್ಮ ಬಿಲ್ಲುಗಳನ್ನು ಕಳುಹಿಸುತ್ತಾರೆ. ವರದಿಗಾರರು ಒಂದನ್ನು ಆಯ್ದು ಸಾಲುಸಾಲಾಗಿ ಬಿಡಿಸುತ್ತಾರೆ. ರೋಗಿ, ಒಟ್ಟು ಮೊತ್ತ, ಚಿಕಿತ್ಸೆ, ಇದು ಹೀಗೇಕಾಯಿತು, ಪರಿಹಾರ, ಕಲಿಯಬೇಕಾದುದು ಎಂಬ ಉಪಶೀರ್ಷಿಕೆಗಳು ಮರಳಿ ಮರಳಿ ಬರುತ್ತವೆ. ಮೊದಲ ಕಂತಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯ ಬಳಿಕ ನಡೆದ ಒಂದು ಮೂತ್ರ ಪರೀಕ್ಷೆಗೆ ಬಂದ ಬಿಲ್ಲು 17,850 ಡಾಲರ್. ತನ್ನ ಒಪ್ಪಂದದ ಪ್ರಯೋಗಾಲಯವಾಗಿದ್ದರೆ ವಿಮಾ ಕಂಪನಿ ಅದಕ್ಕೆ ತೆರುತ್ತಿದ್ದುದು 101 ಡಾಲರಿಗೂ ಕಡಿಮೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟ ಕೂಡಲೇ ಕೊರತೆಯ ಕಥೆ ಕೇಡಿನ ಕಥೆಯಾಗಿ ಮಾರ್ಪಡುತ್ತದೆ. ಈ ಮಾಲೆಯ ನಿಜವಾದ ಸಾಧನೆಯೆಂದರೆ ಇದೇ. ಬಡತನವನ್ನು ಬಣ್ಣಿಸದೆ ಬೆಲೆಯನ್ನು ಪ್ರಶ್ನಿಸುವುದರಿಂದ ರೋಗಿಯ ಮಾನ ಉಳಿಯುತ್ತದೆ.

ಹಾಗೆಂದು ಈ ಮಾದರಿಯನ್ನು ಇಡಿಯಾಗಿ ಒಪ್ಪಲಾಗದು. ಅನೇಕ ಕಂತುಗಳಲ್ಲಿ ವರದಿಗಾರ ವಿಚಾರಿಸಿದ ಮೇಲೆ ಆಸ್ಪತ್ರೆಯೋ ವಿಮಾ ಕಂಪನಿಯೋ ಬಿಲ್ಲನ್ನು ತಗ್ಗಿಸುತ್ತದೆ ಅಥವಾ ಮನ್ನಾ ಮಾಡುತ್ತದೆ. ಪ್ರಾಪ್‌ನ ಪರಿಭಾಷೆಯಲ್ಲಿ ಹೇಳುವುದಾದರೆ ಪತ್ರಕರ್ತನೇ ಇಲ್ಲಿ ಮಾಯಾವಸ್ತುವನ್ನೀಯುವ ದಾನಿ. ದಾನಿ ಎದುರಾಗದ ಸಾವಿರಾರು ಜನರ ಪಾಲಿಗೆ ಉಳಿಯುವುದು ಕೊನೆಯ ಉಪಶೀರ್ಷಿಕೆಯ ಬುದ್ಧಿಮಾತು ಮಾತ್ರ: ವಿವರವಾದ ಬಿಲ್ಲು ಕೇಳಿ, ಮೊದಲೇ ದರ ವಿಚಾರಿಸಿ, ಚೌಕಾಸಿ ಮಾಡಿ. ಎದೆನೋವಿನಿಂದ ಬಿದ್ದವನು ಯಾರೊಡನೆ ಚೌಕಾಸಿ ಮಾಡಬೇಕು? ಈ ದೃಷ್ಟಿಯಿಂದ ಮೆಂಫಿಸ್ ನಗರದ 'ಎಂಎಲ್‌ಕೆ50' ಎಂಬ ಪುಟ್ಟ ಸಂಸ್ಥೆಯು ಪ್ರೊಪಬ್ಲಿಕಾದ ಜೊತೆಗೂಡಿ 2019ರಲ್ಲಿ ನಡೆಸಿದ ತನಿಖೆ ಹೆಚ್ಚು ಮಹತ್ವದ್ದು. ಲಾಭರಹಿತ ಸಂಸ್ಥೆಯೆನಿಸಿದ ಮೆಥಡಿಸ್ಟ್ ಲೆ ಬಾನರ್ ಆಸ್ಪತ್ರೆಯು ಐದು ವರ್ಷಗಳಲ್ಲಿ 8,300ಕ್ಕೂ ಹೆಚ್ಚು ದಾವೆಗಳನ್ನು ಹೂಡಿದ್ದುದು ನ್ಯಾಯಾಲಯದ ದಾಖಲೆಗಳಿಂದ ಹೊರಬಿತ್ತು. ಪರಿಣಾಮವಾಗಿ ಆಸ್ಪತ್ರೆ ಸಾವಿರಾರು ರೋಗಿಗಳ ಸುಮಾರು 1 ಕೋಟಿ 19 ಲಕ್ಷ ಡಾಲರ್ ಸಾಲವನ್ನು ಮನ್ನಾ ಮಾಡಿತು. ಇಲ್ಲಿ ಪಾತ್ರತೆಯ ಪರೀಕ್ಷೆ ನಡೆಯಲಿಲ್ಲ. ದಾವೆಗೆ ಗುರಿಯಾದದ್ದೇ ಅರ್ಹತೆಯಾಯಿತು.

ಕನ್ನಡ ಪತ್ರಿಕೋದ್ಯಮಕ್ಕೆ ಇಂಥ ಬರಹದ ಸಾಮಗ್ರಿ ಇಲ್ಲವೆನ್ನಲಾಗದು. 2003ರ ಯಶಸ್ವಿನಿಯಿಂದ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರೆಗಿನ ಯೋಜನೆಗಳ ವಿವರವನ್ನು ಪತ್ರಿಕೆಗಳು ಜನರಿಗೆ ತಲುಪಿಸಿವೆ. ಇದು ಸಣ್ಣ ಸೇವೆಯಲ್ಲ. ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ಕೈಯಿಂದ ತೆರುವ ಪಾಲು 2013–14ರಲ್ಲಿದ್ದ 64.2 ಶೇಕಡಾದಿಂದ 2021–22ರಲ್ಲಿ 39.4ಕ್ಕೆ ಇಳಿದಿದೆಯೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಗಳು ಹೇಳುತ್ತವೆ. ಇಳಿದ ಮೇಲೂ ಅದು ಹಗುರವಾದ ಹೊರೆಯಲ್ಲ. 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟುಗಳಿಗೆ 7,260 ಮತ್ತು 29,600 ರೂಪಾಯಿಗಳ ಗರಿಷ್ಠ ಬೆಲೆ ನಿಗದಿಯಾಯಿತು. ಅದೇ ವರ್ಷ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ, ನವೆಂಬರಿನ ವೈದ್ಯರ ಮುಷ್ಕರದ ನಡುವೆ ಮೊನಚು ಕಳೆದುಕೊಂಡೇ ಹೊರಬಂದರೂ, ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯುವುದನ್ನು ನಿಷೇಧಿಸಿತು. ಹೆಣವನ್ನು ಒತ್ತೆಯಿಡುವ ಆಶಯ ಕಥೆಗಳಲ್ಲಿ ಮಾತ್ರವಲ್ಲ, ಕಾಯ್ದೆಯಲ್ಲಿಯೂ ದಾಖಲಾಗಬೇಕಾಗಿ ಬಂದಿತೆಂಬುದು ಗಮನಾರ್ಹ. ಈ ಅಳತೆಗೋಲುಗಳು ವರದಿಗಾರನ ಕೈಯಲ್ಲಿವೆ. ಹೃದ್ರೋಗಿಯೊಬ್ಬನ ಮನವಿಯನ್ನು ಅಚ್ಚುಹಾಕುವಾಗ ಸ್ಟೆಂಟಿನ ನಿಗದಿತ ಬೆಲೆಯನ್ನೂ ಆತ ಯಾವ ಯೋಜನೆಗೆ ಅರ್ಹನೆಂಬುದನ್ನೂ ಪಕ್ಕದಲ್ಲಿಯೇ ಅಚ್ಚುಹಾಕಲು ಎರಡು ಸಾಲು ಸಾಕು. ಆದರೆ ಯೋಜನೆಯ ಮಾಹಿತಿ ಒಂದು ಪುಟದಲ್ಲಿ, ಮನವಿ ಇನ್ನೊಂದು ಪುಟದಲ್ಲಿ, ಆಸ್ಪತ್ರೆಯ ಜಾಹೀರಾತು ಮತ್ತೊಂದು ಪುಟದಲ್ಲಿ ಉಳಿಯುತ್ತವೆ.

ಇನ್ನೊಂದು ಸಂಗತಿಯನ್ನು ಸಂಗ್ರಾಹಕರು ಗಮನಿಸಬೇಕು. ಅಮೆರಿಕದ ಮಾಲೆಯಲ್ಲಿ 'ಪರಿಹಾರ'ವೆಂಬ ಭಾಗವಿದೆ. ನಮ್ಮ ಮನವಿ ಖಾತೆ ಸಂಖ್ಯೆಯೊಂದಿಗೆ ನಿಂತುಬಿಡುತ್ತದೆ. ಹಣ ಬಂದಿತೇ, ಶಸ್ತ್ರಚಿಕಿತ್ಸೆ ನಡೆಯಿತೇ, ಮಗು ಶಾಲೆಗೆ ಮರಳಿತೇ ಎಂಬುದು ಸಾಮಾನ್ಯವಾಗಿ ಅಚ್ಚಾಗುವುದಿಲ್ಲ. ಆ ಉತ್ತರಾರ್ಧ ಮನೆಗಳಲ್ಲಿ, ಸಾಲಗಾರರ ಬಾಯಲ್ಲಿ ಮೌಖಿಕವಾಗಿಯೇ ಉಳಿದಿದೆ.